ನಕ್ಷತ್ರದ ಹುದ್ದೆಗೆ ಹದಿನೇಳು ಅರ್ಜಿ

ನಮ್ಮ ಭಾವ ನಿವೃತ್ತರಾದ ಮರುದಿನ ಬೆಳಿಗ್ಗೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನು ಕುರ್ಚಿಯಲ್ಲಿ ಕೂರಿಸಿ, "ನಿಮ್ಮ ಹಿಂದಿನ ಅನುಭವ ಏನು?" ಎಂದು ಕೇಳಿದರು. ನಾಲ್ಕನೇ ಮಹಡಿ ಹತ್ತಿ ಬಂದ ಏದುಸಿರಿನಲ್ಲೇ ಅವನು, "ಇದರ ಹಿಂದಿನದು ಅಂದ್ರೆ ಮೂರನೇ ಮಹಡಿ ಸಾರ್" ಎಂದ. ಭಾವ ನಗಲಿಲ್ಲ. ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡು, "ಫಲಿತಾಂಶ ಅಂಚೆಯಲ್ಲಿ ತಿಳಿಸ್ತೀವಿ" ಎಂದು ಕಳಿಸಿದರು. ಎರಡು ವಾರದ ಮೇಲೆ ಅವನಿಗೆ ನಿಜವಾಗಿಯೂ ಕಾಗದ ಹೋಯಿತು. ತೇರ್ಗಡೆಯಾಗಿದ್ದ. ಯಾವುದರಲ್ಲಿ ಎಂದು ಅವನೂ ಕೇಳಲಿಲ್ಲ, ಭಾವನೂ ಹೇಳಲಿಲ್ಲ.

ಮೂವತ್ತೊಂದು ವರ್ಷ ಅವರು ನೀರು ಸರಬರಾಜು ಕಚೇರಿಯ ನೇಮಕಾತಿ ವಿಭಾಗದಲ್ಲಿ ಕೂತವರು. ಮೀಟರ್ ಓದುವವರು, ವಾಲ್ವ್ ತಿರುಗಿಸುವವರು, ಗುಮಾಸ್ತರು, ಹೀಗೆ ಸಾವಿರಾರು ಜನ ಅವರ ಮೇಜಿನ ಎದುರು ಬೆವರು ಒರೆಸಿಕೊಂಡಿದ್ದಾರೆ. ಬೇರೆ ಕೆಲಸ ಅವರಿಗೆ ಬರುವುದಿಲ್ಲ. ಒಂದು ಛತ್ರಿ ತರಬೇಕಾದರೆ ಮೂರು ಛತ್ರಿಗಳ ಪಟ್ಟಿ ಮಾಡಿ, ಎರಡನೆಯದನ್ನು ಕಾಯ್ದಿರಿಸಿದ ಪಟ್ಟಿಗೆ ಹಾಕಿ ಬರುತ್ತಾರೆ. ಮದುವೆಗೆ ಮುಂಚೆ ನಮ್ಮ ಅಕ್ಕನನ್ನೂ, "ಈ ಜವಾಬ್ದಾರಿಯನ್ನ ಯಾಕೆ ಬಯಸ್ತೀರಿ?" ಎಂದು ಕೇಳಿದ್ದರಂತೆ. "ನಾನೆಲ್ಲಿ ಬಯಸಿದೆ? ತಾನಾಗೇ ಬಂದು ಗಂಟುಬಿತ್ತು" ಎಂದಳಂತೆ ಅಕ್ಕ. ಪ್ರಾಮಾಣಿಕತೆಗೆ ಪೂರ್ತಿ ಅಂಕ ಕೊಟ್ಟೆ ಎಂದು ಭಾವ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ನನ್ನ ಹೊಟ್ಟೆಯುರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಆ ಕಚೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನದ ಕೋಣೆಗೆ ನಾನು ಕಾಲಿಟ್ಟ ಕೂಡಲೇ ಭಾವ ಫೈಲು ಮುಚ್ಚಿ ಎದ್ದು ಹೊರಗೆ ಹೋದರು. ನನ್ನ ಮುಖ ಕೂಡ ನೋಡಲಿಲ್ಲ. ಉಳಿದ ಮೂವರು ಪ್ರಶ್ನೆ ಕೇಳಿದರು. ನನಗೆ ಗಮನವೆಲ್ಲ ಗೋಡೆಯ ಗಡಿಯಾರದ ಮೇಲೆ. ಅದು ಹತ್ತೂ ಕಾಲಿಗೆ ನಿಂತಿತ್ತು. ನಿಂತ ಗಡಿಯಾರವನ್ನು ನೋಡಿಕೊಂಡು ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. "ಒಂದು ಅರ್ಜಿ ಬಂದ್ರೆ ಮೊದಲು ಏನು ಮಾಡ್ತೀರಿ?" ಎಂದು ಮಧ್ಯದವರು ಕೇಳಿದಾಗ, "ಒಂದು ನಿಮಿಷ ಇರಿ" ಎಂದು ಹೇಳಿ, ಕುರ್ಚಿ ಎಳೆದು ಹತ್ತಿ, ಗಡಿಯಾರ ಇಳಿಸಿ, ಜೇಬಿನ ಚಿಕ್ಕ ತಿರುಪುಳಿಯಿಂದ ಹಿಂಬದಿ ಬಿಚ್ಚಿ, ಸರಿಮಾಡಿ, ಮತ್ತೆ ನೇತುಹಾಕಿದೆ. ಹನ್ನೆರಡು ನಿಮಿಷ ಹಿಡಿಯಿತು. ಮೂವರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೆಲಸ ಸಿಕ್ಕಿತು ಎಂದೇ ನಾನು ಮನೆಗೆ ಬಂದೆ.

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆ ಸಂಜೆ ಭಾವ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದು ನನ್ನ ಕಡೆ ತಿರುಗಿ, "ಸಂಬಂಧಿಕರನ್ನ ತಗೊಳ್ಳೋ ಹಾಗಿಲ್ಲಪ್ಪ, ನಿಯಮ" ಎಂದರು. ಅಪ್ಪ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ಮ ಹುಡುಗನೇ ಫಸ್ಟು. ಸಂಬಂಧ ಅಡ್ಡ ಬಂತು, ಅಷ್ಟೆ!" ಎಂದು ಹೇಳಿಕೊಂಡು ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸಿಟ್ಟಿಗೆ ನಾನು ಗಡಿಯಾರ, ಕ್ಯಾಮೆರಾ ರಿಪೇರಿ ಅಂಗಡಿ ಹಾಕಿದೆ. ಅಂಗಡಿ ಚೆನ್ನಾಗಿಯೇ ನಡೆಯಿತು. ಆದರೂ ವಾಚಿಗೆ ಸೆಲ್ ಹಾಕಿಸಲು ಬಂದವರಿಗೆಲ್ಲ ನಾನು ಈ ಕಥೆ ಹೇಳದೆ ಬಿಟ್ಟಿಲ್ಲ. ಸೆಲ್ ಹಾಕಲು ಎರಡು ನಿಮಿಷ, ಕಥೆಗೆ ಇಪ್ಪತ್ತು ನಿಮಿಷ.

ಈಗ ಲೆನ್ಸಿನ ವಿಷಯ. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಅವನ ಹತ್ತಿರ ಒಂದು ಹಳೆಯ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಲೆನ್ಸು ಇತ್ತು. ನಮ್ಮ ಮನೆಯ ಗೋಡೆಯಲ್ಲಿ ನಗುತ್ತಿರುವ ಮುಖಗಳೆಲ್ಲ ಆ ಲೆನ್ಸಿನ ಮೂಲಕ ಹಾದು ಬಂದವು. ಅಪ್ಪ ಯಾರ ಚಿತ್ರ ತೆಗೆದರೂ ಮೂರೇ ಮೀಟರ್ ದೂರ. ದಾರ ಹಿಡಿದು ಅಳೆಯುತ್ತಿದ್ದ. ಲೆನ್ಸಿನ ಮೇಲೆ ಮೂರರ ಅಂಕಿ ಹುಡುಕಲು ಕನ್ನಡಕ ಬೇಕಾಗುತ್ತಿತ್ತು, ಅದನ್ನು ತಪ್ಪಿಸಲು ಅಕ್ಕ ಅಂಕಿಯ ಪಕ್ಕ ತನ್ನ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು. ಆ ಲೆನ್ಸು ಒಮ್ಮೆ ಚರ್ಮದ ಚೀಲದ ಸಮೇತ ಇಪ್ಪತ್ತು ಮೆಟ್ಟಿಲು ಉರುಳಿತ್ತು. ಉರುಳಿಸಿದ್ದು ಯಾರು ಎಂಬ ವಿಚಾರ ಈಗ ಬೇಡ, ನನಗಾಗ ಏಳು ವರ್ಷ.

ಕೊನೆಗಾಲದಲ್ಲಿ ಅಪ್ಪನಿಗೆ ಮನುಷ್ಯರ ಮುಖ ಸಾಕಾಗಿ ನಕ್ಷತ್ರದ ಹುಚ್ಚು ಹಿಡಿಯಿತು. ಕೃತ್ತಿಕೆಯ ಗುಂಪನ್ನು ಫಿಲ್ಮಿನಲ್ಲಿ ಹಿಡಿಯಬೇಕು ಎಂದು ಒಂದು ರೋಲ್ ತಂದು, ಕೆಡಬಾರದು ಎಂದು ಅಕ್ಕನ ಮನೆಯ ಫ್ರೀಜರಿನಲ್ಲಿ ಇಟ್ಟ. ಅಷ್ಟರಲ್ಲಿ ಅವನೇ ಹೋಗಿಬಿಟ್ಟ. ಆರು ವರ್ಷ ಆ ರೋಲು ಬಟಾಣಿ ಪೊಟ್ಟಣದ ಹಿಂದೆ ಹೆಪ್ಪುಗಟ್ಟಿ ಕೂತಿತ್ತು. ಆ ಜಾತಿಯ ಫಿಲ್ಮನ್ನು ಈಗ ಯಾರೂ ತಯಾರಿಸುವುದಿಲ್ಲ.

ಭಾವ ನಿವೃತ್ತರಾದ ಮೂರನೇ ತಿಂಗಳು, ಮನೆಯಲ್ಲಿ ಸಂದರ್ಶನ ಮಾಡಲು ಇನ್ನು ಯಾವ ಜೀವವೂ ಉಳಿದಿಲ್ಲ ಎಂದಾದಾಗ, ಫ್ರೀಜರ್ ತೊಳೆಯಲು ಹೋಗಿ ರೋಲನ್ನು ಕಂಡುಹಿಡಿದರು. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ರೀ, ಅಪ್ಪನ ರೋಲು, ಅಪ್ಪನ ಕ್ಯಾಮೆರಾ, ಅಪ್ಪನ ಲೆನ್ಸು. ಅಪ್ಪನ ಆಸೆ ಪೂರ್ತಿ ಮಾಡಿಬಿಡೋಣ" ಎಂದಳು.

ಭಾವ ಒಂದು ದಿನ ಕಾಲಾವಕಾಶ ಕೇಳಿದರು. ಅಪ್ಪನ ಲೆನ್ಸನ್ನು ಒರೆಸಿ ಇಡುತ್ತೇನೆ ಎಂದು ತೆಗೆದುಕೊಂಡು ಹೋಗಿ ಮಧ್ಯಾಹ್ನವೆಲ್ಲ ಮಹಡಿಯ ಮೇಲಿದ್ದರು. ಇಳಿದು ಬಂದವರ ಮುಖ ಮಾತ್ರ ಪಕ್ಕಾ ಕಚೇರಿಯ ಮುಖ.

"ರೋಲು ಕಚ್ಚಾ ಸಾಮಗ್ರಿ, ಅದು ಯಾರದ್ದಾದ್ರೂ ಪರವಾಗಿಲ್ಲ. ಕ್ಯಾಮೆರಾ ಕಟ್ಟಡ ಇದ್ದ ಹಾಗೆ, ಅದೂ ಪರವಾಗಿಲ್ಲ" ಎಂದರು. "ಆದ್ರೆ ಲೆನ್ಸು ಸಿಬ್ಬಂದಿ. ನಾನು ಆಯ್ಕೆ ಮಾಡೋನು, ಅದು ನನ್ನ ಮಾವನವರದ್ದು. ಸಂಬಂಧಿಕರನ್ನ ತಗೊಳ್ಳೋ ಹಾಗಿಲ್ಲ."

"ಗಾಜಿಗೆ ಯಾವ ಸಂಬಂಧ ರೀ?" ಅಕ್ಕ ಕಿರುಚಿದಳು.

"ನಿಯಮ."

ಅಕ್ಕ ಮೂರು ದಿನ ಅವರ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ನನ್ನ ಅಂಗಡಿಗೆ ಬಂದು, "ಲೋ, ನಿನಗೆ ಮಾಡಿದ್ದನ್ನೇ ಈಗ ಅಪ್ಪನಿಗೂ ಮಾಡ್ತಿದ್ದಾರೆ ಕಣೋ" ಎಂದಳು. ನನಗೆ ಇಪ್ಪತ್ತೆರಡು ವರ್ಷದ ಹಳೆಯ ಗಾಯದ ಮೇಲೆ ಉಪ್ಪು ಸುರಿದಂತಾಯಿತು. ಅಪ್ಪನ ಲೆನ್ಸನ್ನು ಆ ಹುದ್ದೆಯಲ್ಲಿ ಕೂರಿಸಿಯೇ ತೀರುತ್ತೇನೆ ಎಂದು ಅಕ್ಕನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆದರೆ ಹೇಗೆ ಎನ್ನುವುದು ಮಾತ್ರ ಆಗ ಹೊಳೆದಿರಲಿಲ್ಲ.

ಅಷ್ಟರಲ್ಲಿ ಭಾವ ಪ್ರಕಟಣೆ ಹೊರಡಿಸಿದ್ದರು. ಟೈಪ್ ಮಾಡಿದ ಹಾಳೆ ನನ್ನ ಅಂಗಡಿಯ ಗಾಜಿನ ಮೇಲೂ ಬಂತು. "ಬೇಕಾಗಿದೆ: ಹಳೆಯ ಲೆನ್ಸು, ಹುದ್ದೆ ಒಂದು. ಕೆಲಸ: ನಕ್ಷತ್ರಗಳನ್ನು ಚುಕ್ಕೆಯಾಗಿಯೇ ತೋರಿಸುವುದು. ವಯಸ್ಸು ಮೂವತ್ತು ಮೀರಿರಬೇಕು. ತಿರುಪಿ ಕೂರಿಸುವಂಥದ್ದಾಗಿರಬೇಕು. ಶಿಫಾರಸು ತಂದವರನ್ನು ಅನರ್ಹಗೊಳಿಸಲಾಗುವುದು." ಜನರಿಗೆ ಬೀರುವಿನ ಮೂಲೆಯ ಸಾಮಾನು ಖಾಲಿಯಾದರೆ ಸಾಕು. ಹದಿನೈದು ದಿನದಲ್ಲಿ ಹದಿನೇಳು ಅರ್ಜಿ ಬಂದವು.

ದೂರವನ್ನು ಹಿಗ್ಗಿಸಿ ಕುಗ್ಗಿಸುವ ಜೂಮ್ ಲೆನ್ಸುಗಳು ನಾಲ್ಕಿದ್ದವು. ಭಾವ ಅವನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು. "ಯಾವ ಕೆಲಸಕ್ಕೂ ಒಗ್ತೀನಿ ಅನ್ನೋನು ಯಾವ ಕೆಲಸಕ್ಕೂ ಒಗ್ಗಲ್ಲ. ಮೂವತ್ತೊಂದು ವರ್ಷ ನೋಡಿದ್ದೀನಿ." ಉಳಿದ ಹದಿಮೂರು ವೈದ್ಯಕೀಯ ತಪಾಸಣೆಗೆ ನನ್ನ ಹತ್ತಿರ ಬಂದವು. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳದ ಮನುಷ್ಯನಿಗೆ ನಾನು ಬಿಟ್ಟಿ ಡಾಕ್ಟರು! ಆದರೂ ಮಾಡಿದೆ. ಗಾಜಿಗೆ ಬೂಷ್ಟು ಹಿಡಿದವು ಮೂರು. ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ತೆಳು ಎಲೆಗಳಿಗೆ ಎಣ್ಣೆ ಇಳಿದು ಅಂಟಿಕೊಂಡವು ಎರಡು. ಒಂದರೊಳಗೆ ಪುಟ್ಟ ಜೇಡ ಬಲೆ ಕಟ್ಟಿಕೊಂಡಿತ್ತು. "ಆರೋಗ್ಯ ಸಾಮಾನ್ಯ. ಒಳಗೆ ಒಬ್ಬರು ವಾಸವಾಗಿದ್ದಾರೆ" ಎಂದು ಬರೆದುಕೊಟ್ಟೆ. ಭಾವ ಅದರ ಕೆಳಗೆ "ಕುಟುಂಬ ಸಮೇತ ಬಂದಿದ್ದಾರೆ, ಅನರ್ಹ" ಎಂದು ಷರಾ ಹಾಕಿದರು.

ಒಂದು ಲೆನ್ಸಿನ ಗಾಜು ವಯಸ್ಸಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಕೆಲವು ಹಳೆಯ ಗಾಜುಗಳು ಹಾಗಾಗುತ್ತವೆ, ಬಿಸಿಲಿಗಿಟ್ಟರೆ ತಿಳಿಯಾಗುತ್ತವೆ. "ಕಾಮಾಲೆ. ಒಂದು ತಿಂಗಳು ಬಿಸಿಲು" ಎಂದು ಬರೆದೆ. ಭಾವ ಅದಕ್ಕೆ ಸಂಬಳವಿಲ್ಲದ ರಜೆ ಮಂಜೂರು ಮಾಡಿ ಕಿಟಕಿಯ ಕಟ್ಟೆಯ ಮೇಲೆ ಮಲಗಿಸಿದರು. ದಿನಾ ಬೆಳಿಗ್ಗೆ ಅದರ ಮಗ್ಗುಲು ಬದಲಿಸುವಾಗ, "ಈಗ ಹೇಗಿದೆ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ನನ್ನನ್ನು ಒಂದು ದಿನ ಹಾಗೆ ಕೇಳಿದವರಲ್ಲ.

ಹೀಗೆ ತಪಾಸಣೆ ಮಾಡುತ್ತಿರುವಾಗಲೇ ನನ್ನ ಕೈಗೆ ಒಂಬತ್ತನೇ ಅಭ್ಯರ್ಥಿ ಸಿಕ್ಕಿತು. ನೋಡುತ್ತೇನೆ, ಅಪ್ಪನ ಲೆನ್ಸಿನ ಅವಳಿ! ಅದೇ ಕಂಪನಿ, ಅದೇ ಅಳತೆ, ಅದೇ ಕರಿ ಮೈ. ಬೇರೆ ಇದ್ದದ್ದು ಮುಂದಿನ ಗಾಜಿನ ಸುತ್ತ ಇರುವ ಹೆಸರಿನ ಬಳೆಯ ಮೇಲೆ ಕೆತ್ತಿದ ನಂಬರು ಒಂದೇ. ಆ ಬಳೆಯನ್ನು ರಬ್ಬರಿನ ಬಿರಡೆ ಒತ್ತಿ ತಿರುವಿದರೆ ಕೈಗೆ ಬರುತ್ತದೆ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡೆ. ಅಕ್ಕನ ಮನೆಯ ಬೀರುವಿನಿಂದ ಅಪ್ಪನ ಲೆನ್ಸನ್ನು ಎತ್ತಿಕೊಂಡು ಬಂದು, ಒಂಬತ್ತನೆಯದರ ಬಳೆಯನ್ನು ಬಿಚ್ಚಿ ಅದಕ್ಕೆ ತೊಡಿಸಿದೆ. ಅಪ್ಪನದರ ಬಳೆಯನ್ನು ಒಂಬತ್ತನೆಯದಕ್ಕೆ ತೊಡಿಸಿ ನನ್ನ ಡ್ರಾಯರಿಗೆ ಹಾಕಿದೆ. ಅಕ್ಕನಿಗೆ ಹೇಳಿದಾಗ ಅವಳು ಅಂಗಡಿಯಲ್ಲೇ ಚಪ್ಪಾಳೆ ಹೊಡೆದಳು. "ಬೇರೆಯವರ ಹೆಸರಲ್ಲಾದ್ರೂ ಅಪ್ಪ ಫಸ್ಟ್ ಬರ್ತಾನೆ ನೋಡು!"

ಸಂದರ್ಶನ ಭಾನುವಾರ ಬೆಳಿಗ್ಗೆ. ಉಳಿದವರು ಏಳು ಅಭ್ಯರ್ಥಿಗಳು, ಕಾಮಾಲೆಯದು ರಜೆಯಲ್ಲಿತ್ತು, ಹಾಗಾಗಿ ಆರು. ಬಾಲ್ಕನಿಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂರಿಸಿದೆವು. ಪ್ರತಿಯೊಂದರ ಪಕ್ಕಕ್ಕೂ ಒಂದು ಲೋಟ ನೀರು. "ಕಾಯೋರಿಗೆ ನೀರು ಕೊಡೋದು ಕಚೇರಿಯ ಮರ್ಯಾದೆ" ಎಂದರು ಭಾವ. ಅಷ್ಟು ನೀರನ್ನೂ ಕೊನೆಗೆ ನಾನೇ ಕುಡಿದೆ. ಅವರು ಒಳಗಿನಿಂದ ನಂಬರ್ ಕೂಗುವುದು, ನಾನು ಅಭ್ಯರ್ಥಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸುವುದು. ಭಾವ ಕನ್ನಡಕದ ಮೇಲಿನಿಂದ ಅದನ್ನು ನೋಡಿ, "ನಿಮ್ಮ ಬಗ್ಗೆ ಎರಡು ಮಾತು ಹೇಳಿ" ಎನ್ನುತ್ತಿದ್ದರು. ಒಂದು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳುತ್ತಿದ್ದರು. "ಹೆಚ್ಚು ಮಾತಾಡಲ್ಲ, ಒಳ್ಳೇದು" ಎಂದು ಬರೆದುಕೊಳ್ಳುತ್ತಿದ್ದರು. ಆರಕ್ಕೂ ಅದನ್ನೇ ಬರೆದರು.

ಆಮೇಲೆ ಕೆಲಸದ ಪರೀಕ್ಷೆ. ಇದರಲ್ಲಿ ಮಾತ್ರ ತಮಾಷೆಯಿಲ್ಲ. ಹಗಲಲ್ಲಿ ನಕ್ಷತ್ರ ಎಲ್ಲಿಂದ ತರುವುದು? ನಾನು ಬೇರಿಂಗಿನ ಒಂದು ಉಕ್ಕಿನ ಗುಂಡು ಕೊಟ್ಟಿದ್ದೆ. ಅದನ್ನು ಎದುರು ಕಟ್ಟಡದ ಮಹಡಿಯಲ್ಲಿ ನೀರಿನ ಟ್ಯಾಂಕಿಗೆ ಜೇಡಿಮಣ್ಣಿನಿಂದ ಅಂಟಿಸಿದ್ದೆವು. ಅದರ ಮೇಲೆ ಸೂರ್ಯ ಬಿದ್ದರೆ ಸೂಜಿಮೊನೆಯಷ್ಟು ಬೆಳಕು ಹೊಳೆಯುತ್ತದೆ. ಅದೇ ನಕ್ಷತ್ರ. ಈ ಕಡೆ ಕ್ಯಾಮೆರಾದ ಹಿಂಬಾಗಿಲು ತೆಗೆದು, ಫಿಲ್ಮ್ ಇರುವ ಜಾಗದಲ್ಲಿ ಉಜ್ಜಿದ ಗಾಜಿನ ತುಂಡು ಇಟ್ಟು, ನನ್ನ ವಾಚ್ ರಿಪೇರಿಯ ಭೂತಗನ್ನಡಿಯಿಂದ ನೋಡುವುದು. ಒಳ್ಳೆಯ ಲೆನ್ಸಾದರೆ ನಡುವಿನಲ್ಲೂ ಮೂಲೆಯಲ್ಲೂ ಚುಕ್ಕೆ ಚುಕ್ಕೆಯಾಗಿಯೇ ಇರುತ್ತದೆ. ಕೆಟ್ಟದ್ದಾದರೆ ಮೂಲೆಗೆ ಹೋದ ಚುಕ್ಕೆಗೆ ರೆಕ್ಕೆ ಬಂದು ಹಕ್ಕಿಯಾಗುತ್ತದೆ, ಸುತ್ತ ನೇರಳೆ ಬಣ್ಣದ ಪ್ರಭೆ ಹಬ್ಬುತ್ತದೆ. ಫಿಲ್ಮಿನ ಮೇಲೆ ಒಮ್ಮೆ ಹಕ್ಕಿ ಕೂತರೆ ಮತ್ತೆ ಓಡಿಸುವಂತಿಲ್ಲ. ಇದ್ದದ್ದು ಒಂದೇ ರೋಲು, ಮೂವತ್ತಾರು ಚಿತ್ರ.

ಮೊದಲ ಅಭ್ಯರ್ಥಿ ಮುಗಿಯುತ್ತಿದ್ದಂತೆ ನಕ್ಷತ್ರಕ್ಕೆ ಗ್ರಹಣ ಹಿಡಿಯಿತು. ಎದುರು ಮಹಡಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ತಮ್ಮ ಹಾಸಿಗೆ ಹೊದಿಕೆಯನ್ನು ಸರಿಯಾಗಿ ಗುಂಡಿನ ಮುಂದೆ ಒಣಹಾಕಿದ್ದರು. ಭಾವ ಬಾಲ್ಕನಿಯಿಂದ, "ಸ್ವಾಮಿ, ನಕ್ಷತ್ರ ಕಾಣಿಸ್ತಿಲ್ಲ!" ಎಂದು ಕೂಗಿದರು. "ಬೆಳಿಗ್ಗೆ ಹತ್ತೂವರೆಗೆ ನಿಮಗೆ ಯಾವ ನಕ್ಷತ್ರ ಕಾಣ್ಬೇಕ್ರೀ? ಬೇರೆ ಕಡೆ ದಾರ ಇಲ್ಲ, ಒಣಗೋವರೆಗೆ ತೆಗೆಯಲ್ಲ!" ಎಂದರು ಅವರು. ಕೊನೆಗೆ ಅಕ್ಕನೇ ಬೀದಿ ದಾಟಿ ಆ ಮಹಡಿ ಹತ್ತಿ, ಹೊದಿಕೆಯ ಅಂಚನ್ನು ಬಾಗಿಲ ಪರದೆಯಂತೆ ಪಕ್ಕಕ್ಕೆ ಹಿಡಿದು ನಿಂತಳು. ಪರೀಕ್ಷೆ ಮುಗಿಯುವವರೆಗೂ ಅಲ್ಲೇ ನಿಲ್ಲುತ್ತೇನೆ ಎಂದಳು. ಅವಳ ಉತ್ಸಾಹ ನೋಡಿ ಭಾವ ಹೆಂಡತಿ ದಾರಿಗೆ ಬಂದಳು ಎಂದುಕೊಂಡಿರಬೇಕು ಎಂದು ನನಗೆ ಒಳಗೊಳಗೇ ನಗು.

"ನಂಬರ್ ಒಂಬತ್ತು!"

ಅಪ್ಪನ ಲೆನ್ಸನ್ನು ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಸಂದರ್ಶನದ ದಿನ ಕೂಡ ಅಷ್ಟು ಹೆದರಿರಲಿಲ್ಲ. ಭಾವ ಅದನ್ನು ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿದರು, ಬಳೆಯ ನಂಬರನ್ನು ಅರ್ಜಿಯ ಜೊತೆ ತಾಳೆ ನೋಡಿದರು, "ನಿಮ್ಮ ಬಗ್ಗೆ ಎರಡು ಮಾತು ಹೇಳಿ" ಎಂದರು. ಈ ಸಲ ಒಂದು ನಿಮಿಷವಲ್ಲ, ಮೂರು ನಿಮಿಷ ಕೇಳಿಸಿಕೊಂಡರು. ಆಮೇಲೆ ಕ್ಯಾಮೆರಾಕ್ಕೆ ತಿರುಪಿ ಹಾಕಿ, ಭೂತಗನ್ನಡಿಗೆ ಕಣ್ಣಿಟ್ಟು ಬಾಗಿದರು. ಕಿಂಡಿ ಪೂರ್ತಿ ತೆರೆದು ನೋಡಿದರು. ಎರಡು ಹಂತ ಕಿರಿದು ಮಾಡಿ ನೋಡಿದರು. ಕ್ಯಾಮೆರಾ ಹೊರಳಿಸಿ ನಾಲ್ಕೂ ಮೂಲೆ ನೋಡಿದರು. ನೆಟ್ಟಗೆ ಕೂತು ಹಾಳೆಯ ಮೇಲೆ ಬರೆದರು. ಐವತ್ತಕ್ಕೆ ಹನ್ನೊಂದು.

"ಮೋಸ!" ಎಂದು ನಾನು ಕೂಗಿದೆ. ಮೋಸ ಮಾಡಿದವನು ನಾನೇ ಎಂಬುದು ಮರೆತುಹೋಗಿತ್ತು. ಭೂತಗನ್ನಡಿ ಕಿತ್ತುಕೊಂಡು ನೋಡಿದೆ. ಎಡ ಮೂಲೆಯಲ್ಲಿ ನಕ್ಷತ್ರ ಹಕ್ಕಿಯಾಗಿತ್ತು. ಬಲ ಮೂಲೆಯಲ್ಲಿ ಬಾಲವೂ ಬಂದಿತ್ತು. ಸುತ್ತ ಪೆಟ್ಟು ಬಿದ್ದ ಜಾಗದಂತೆ ನೇರಳೆ. ಕಿಂಡಿ ಎಷ್ಟು ಕಿರಿದು ಮಾಡಿದರೂ ಹಕ್ಕಿ ಹಾರಿಹೋಗಲಿಲ್ಲ. ಇಪ್ಪತ್ತು ಮೆಟ್ಟಿಲು ಉರುಳಿದಾಗ ಒಳಗಿನ ಯಾವುದೋ ಗಾಜು ಕೂದಲೆಳೆಯಷ್ಟು ಓರೆಯಾಗಿರಬೇಕು. ಅದನ್ನು ಸರಿಮಾಡುವ ಉಪಕರಣ ನನ್ನಂಥವರ ಹತ್ತಿರ ಇರುವುದಿಲ್ಲ. ರಿಪೇರಿಯವನಾಗಿ ಅಷ್ಟು ನನಗೆ ಒಂದೇ ನೋಟಕ್ಕೆ ತಿಳಿಯಿತು.

"ಈಗ ಹೋಗಿ ನಿಜವಾದ ಒಂಬತ್ತನೆಯದನ್ನ ತಗೊಂಡ್ ಬಾ" ಎಂದರು ಭಾವ, ಪೆನ್ನಿನ ಮುಚ್ಚಳ ಹಾಕುತ್ತಾ.

ನಾನು ಏನೂ ಗೊತ್ತಿಲ್ಲದವನಂತೆ ಬೆಂಚಿನ ಕಡೆ ನೋಡಿದೆ.

"ಮೂವತ್ತೊಂದು ವರ್ಷದಲ್ಲಿ ನಲವತ್ತು ಜನ ಇನ್ನೊಬ್ಬರ ಹೆಸರಲ್ಲಿ ಬಂದು ನನ್ನ ಮುಂದೆ ಕೂತಿದ್ದಾರಪ್ಪ. ಹೆಸರು ಬದಲಾಯಿಸ್ತಾರೆ, ಮಚ್ಚೆ ಮರೀತಾರೆ." ಅವರ ಬೆರಳು ಲೆನ್ಸಿನ ಮೇಲಿನ ಮೂರರ ಅಂಕಿಯ ಪಕ್ಕ ನಿಂತಿತ್ತು. ಅಕ್ಕನ ಉಗುರುಬಣ್ಣದ ಕೆಂಪು ಚುಕ್ಕೆ ಅಲ್ಲೇ ಇತ್ತು.

"ಗೊತ್ತಿದ್ದೂ ಮಾರ್ಕ್ ಹಾಕಿದ್ರಾ? ಅಪ್ಪನದು ಅಂತ ಬೇಕಂತಲೇ ಕಡಿಮೆ ಹಾಕಿದ್ರಾ?"

"ನೀನೇ ನೋಡಿದೆಯಲ್ಲ."

ನೋಡಿದ್ದೆ. ಅದೇ ಸಂಕಟ.

"ರೋಲು ಸಿಕ್ಕಿದ ಮರುದಿನಾನೇ ಮಹಡಿ ಮೇಲೆ ಪರೀಕ್ಷೆ ಮಾಡಿದ್ದೆ" ಎಂದರು ಭಾವ. "ಆಗಲೂ ಹನ್ನೊಂದೇ. ನಿಮ್ಮಕ್ಕನಿಗೆ ಏನಂತ ಹೇಳ್ಲಿ? ನಿಮ್ಮಪ್ಪ ಜೀವಮಾನ ಎಲ್ಲ ಎದೆಗವಚಿಕೊಂಡಿದ್ದ ಲೆನ್ಸಿಗೆ ಹನ್ನೊಂದು ಅಂತ ಹೇಳ್ಲಾ? ಅದಕ್ಕೇ ನಿಯಮ ಅಂದೆ. ಬೈಸಿಕೊಂಡ್ರೆ ನಾನು ಬೈಸಿಕೊಳ್ತೀನಿ. ಅವಳು ನನ್ನ ಬೈದು ಚೆನ್ನಾಗಿಯೇ ಇರ್ತಾಳೆ."

ನಾನು ಮೆತ್ತೆಯ ಕುರ್ಚಿಯಲ್ಲಿ ಕೂತೆ. ತಲೆಯೊಳಗೆ ಯಾವುದೋ ಹಲ್ಲುಚಕ್ರ ಇನ್ನೊಂದಕ್ಕೆ ಕಚ್ಚಿಕೊಂಡು ನಿಧಾನವಾಗಿ ತಿರುಗತೊಡಗಿತು.

"ಭಾವ, ಆ ನಿಯಮ ಯಾವ ಪುಸ್ತಕದಲ್ಲಿದೆ?"

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಇಲ್ಲ" ಎಂದರು. "ಸಂಬಂಧಿಕರು ಬಂದ್ರೆ ನಾನು ಎದ್ದು ಹೊರಗೆ ಹೋಗಬೇಕು, ಅಷ್ಟೇ ಇರೋದು. ನಾನು ಎದ್ದು ಹೋಗಿದ್ದೆ. ಮಾರ್ಕ್ ಹಾಕಿದ್ದು ಆ ಮೂರು ಜನ."

"ಎಷ್ಟು ಹಾಕಿದ್ರು?"

"ಹಳೇ ವಿಷಯ ಬಿಡು."

"ಎಷ್ಟು ಭಾವ?"

"ಐವತ್ತಕ್ಕೆ ಎಂಟು."

ಅಪ್ಪನ ಲೆನ್ಸಿಗಿಂತ ಮೂರು ಕಡಿಮೆ. ಮೆಟ್ಟಿಲಿನಿಂದ ಬಿದ್ದ ಲೆನ್ಸಿಗಿಂತ! ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಆ ಮೂರು ಮುಖಗಳು ಕಣ್ಣ ಮುಂದೆ ಬಂದವು. ಅದು ಮೆಚ್ಚುಗೆ ಎಂದು ಇಪ್ಪತ್ತೆರಡು ವರ್ಷ ನಂಬಿದ್ದೆ. ವಾಚಿಗೆ ಸೆಲ್ ಹಾಕಿಸಲು ಬಂದ ಎಷ್ಟು ಜನರ ಮುಂದೆ ಈ ಮನುಷ್ಯನ ಮಾನ ಕಳೆದಿದ್ದೇನೆ ಎಂದು ನೆನೆದು ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರಿಗೂ ಅದು ಗೊತ್ತಿತ್ತು. ಅವರ ವಾಚಿಗೂ ನಾನೇ ಸೆಲ್ ಹಾಕುವುದು.

"ಆ ಗಡಿಯಾರ ಮಾತ್ರ ನಾನು ನಿವೃತ್ತನಾಗೋ ದಿನದವರೆಗೂ ಒಂದು ನಿಮಿಷ ಹಿಂದೆ ಬೀಳಲಿಲ್ಲ" ಎಂದರು ಭಾವ. "ಗುಮಾಸ್ತನ ಕೆಲಸಕ್ಕೆ ಅದಕ್ಕೆ ಮಾರ್ಕಿಲ್ಲ, ಏನು ಮಾಡೋದು."

"ನನಗೆ ನಿಜ ಹೇಳಬಹುದಿತ್ತಲ್ಲ. ಸುಳ್ಳು ನಿಯಮ ಯಾಕೆ ಕಟ್ಟಿದ್ರಿ?"

"ನಾನೆಲ್ಲಿ ಕಟ್ಟಿದೆ? ನಿಜ ಹೇಳೋಣ ಅಂತಲೇ ಆ ಸಂಜೆ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮಪ್ಪ ಬಾಗಿಲು ಹಾಕಿ ನನ್ನ ಕೈ ಹಿಡ್ಕೊಂಡ್ರು. 'ಹುಡುಗ ಗಡಿಯಾರ ರಿಪೇರಿ ಮಾಡಿದ ಖುಷಿಯಲ್ಲಿದ್ದಾನೆ, ಎಂಟು ಅಂತ ಹೇಳಬೇಡಿ. ಸಂಬಂಧ ಅಡ್ಡ ಬಂತು ಅನ್ನಿ, ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡ್ರೆ ಮಾಡಿಕೊಳ್ಳಲಿ' ಅಂದ್ರು. ಆ ನಿಯಮ ಮಾಡಿದ್ದು ನಿಮ್ಮಪ್ಪ."

ನಾನು ಭೂತಗನ್ನಡಿಗೆ ಮತ್ತೆ ಕಣ್ಣಿಟ್ಟೆ. ಉಜ್ಜಿದ ಗಾಜಿನ ಮೇಲೆ ಎಲ್ಲವೂ ತಲೆಕೆಳಗು. ತಲೆಕೆಳಗಾದ ಟ್ಯಾಂಕು, ತಲೆಕೆಳಗಾದ ಕಂಡಕ್ಟರ್, ನಡುವೆ ತಲೆಕೆಳಗಾಗಿ ಹೊದಿಕೆ ಹಿಡಿದು ನಿಂತ ಅಕ್ಕ. ನಕ್ಷತ್ರ ಮೂಲೆಯಲ್ಲಿ ಹಕ್ಕಿಯಾಗಿದ್ದರೂ ನಡುವಿನ ಅಕ್ಕನ ಮುಖ ಮಾತ್ರ ಅದೆಷ್ಟು ಚೆಂದ ಕಾಣುತ್ತಿತ್ತೆಂದರೆ, ಐವತ್ತು ದಾಟಿದವಳು ಅಪ್ಪನ ಮುಂದೆ ಮೂರು ಮೀಟರ್ ದೂರದಲ್ಲಿ ನಿಂತ ಹುಡುಗಿಯ ಹಾಗೆ ಇದ್ದಳು.

"ಮುಖ ನೋಡೋ ಲೆನ್ಸು ಅದು" ಎಂದರು ಭಾವ. "ನಾವು ಬೇರೆ ಹುದ್ದೆಗೆ ಕರೆದಿದ್ದು. ರೋಲಿನ ಕೊನೇ ಒಂದು ಚಿತ್ರ ಅದಕ್ಕೇ ಇಟ್ಟಿದ್ದೀನಿ, ತಾತ್ಕಾಲಿಕ ನೇಮಕ. ನಿಮ್ಮಕ್ಕನ್ನ ತೆಗೆಯೋಕೆ." ಆದೇಶವನ್ನೂ ಟೈಪ್ ಮಾಡಿಟ್ಟಿದ್ದರು, ತಾರೀಕು ಮಾತ್ರ ಖಾಲಿ ಇತ್ತು.

ಎದುರು ಮಹಡಿಯಿಂದ ಅಕ್ಕನ ಕೈ ಸೋತಿರಬೇಕು. "ಲೋ! ಏನಾಯ್ತೋ? ಒಂಬತ್ತಕ್ಕೆ ಎಷ್ಟು ಬಂತೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಭಾವ ಅಂಕಪಟ್ಟಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ನಾನು ಬಾಲ್ಕನಿಗೆ ಬಂದೆ. ಕೆಳಗೆ ಬೀದಿಯಲ್ಲಿ ನಾಲ್ಕು ಜನ ತಲೆಯೆತ್ತಿ ನಿಂತಿದ್ದರು. ಅಂಕಪಟ್ಟಿಯನ್ನು ಜೇಬಿಗಿಳಿಸಿದೆ.

"ಭಾವ ಹಿಡಿದುಬಿಟ್ರು ಅಕ್ಕಾ!" ಎಂದು ಕೂಗಿದೆ. "ಅಪ್ಪಂದೇ ಫಸ್ಟು! ಸಂಬಂಧ ಅಡ್ಡ ಬಂತು, ಅಷ್ಟೆ!"

"ನನಗೆ ಗೊತ್ತಿತ್ತು!" ಎಂದಳು ಅಕ್ಕ. ಹೊದಿಕೆಯನ್ನು ಬಿಟ್ಟು ಎರಡೂ ಕೈ ಮೇಲೆತ್ತಿದಳು, ನಕ್ಷತ್ರ ಮರೆಯಾಯಿತು. ಪಕ್ಕದಲ್ಲಿದ್ದ ಕಂಡಕ್ಟರಿಗೆ, ಆಮೇಲೆ ಮೆಟ್ಟಿಲಿಳಿಯುತ್ತಾ ಸಿಕ್ಕವರಿಗೆ, ಕೆಳಗೆ ಬೀದಿಯಲ್ಲಿ ನಿಂತ ನಾಲ್ವರಿಗೆ ಅವಳು ಅದನ್ನೇ ಹೇಳುತ್ತಾ ಬರುವುದು ನಾಲ್ಕನೇ ಮಹಡಿಯವರೆಗೂ ಕೇಳಿಸುತ್ತಿತ್ತು. ಜೊತೆಗೆ ಗಂಡನಿಗೆ ಒಂದಿಷ್ಟು ಬೈಗುಳವೂ ಇತ್ತು. ಭಾವ ಒಳಗೆ ಕೂತು ಅದನ್ನೆಲ್ಲ ಕೇಳಿಸಿಕೊಂಡು, ಮುಂದಿನ ಅಭ್ಯರ್ಥಿಯ ಫೈಲು ತೆರೆದರು.

"ನಿಜವಾದ ಒಂಬತ್ತು ಕೊನೆಗೆ. ನಂಬರ್ ಹನ್ನೆರಡು!" ಎಂದು ಕೂಗಿದರು. ನಾನು ಬೆಂಚಿನ ಹತ್ತಿರ ಹೋಗಿ, ಹನ್ನೆರಡನೆಯವರ ನೀರನ್ನು ಕುಡಿದು, ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.